ಬಿಗಿದುಕೊಂಡ ಲಿವರ್

ಅಮೆರಿಕದ ಮಿನ್ನೆಸೋಟದಲ್ಲಿ ಸರೋವರಗಳ ಮೇಲಿನ ಮಂಜುಗಡ್ಡೆ ಕರಗುವುದು ಸಾಮಾನ್ಯವಾಗಿ ಏಪ್ರಿಲ್ ನಡುವಿಗೆ. ಮಿನ್ನಿಯಾಪೊಲಿಸ್ ನಗರದ ಪಶ್ಚಿಮಕ್ಕಿರುವ ಮಿನ್ನೆಟೊಂಕ ಸರೋವರಕ್ಕೆ ಮೇ ತಿಂಗಳಲ್ಲಿ ಬೋಟುಗಳು ಒಂದೊಂದಾಗಿ ಇಳಿಯುತ್ತವೆ. ಚಳಿಗಾಲವಿಡೀ ಶೆಡ್ಡಿನಲ್ಲೋ ಹಿತ್ತಿಲಿನಲ್ಲೋ ಹೊದಿಕೆಯಡಿ ನಿಂತಿದ್ದ ಬೋಟುಗಳು. ಎಂಜಿನ್ ಚಾಲೂ ಆಗುತ್ತದೆ, ಬ್ಯಾಟರಿ ಗಟ್ಟಿಯಾಗಿದೆ, ದೀಪ ಉರಿಯುತ್ತದೆ. ಗೇರಿನ ಲಿವರನ್ನು ಮುಂದಕ್ಕೆ ನೂಕಲು ಹೋದರೆ ಮಾತ್ರ ಹೋದ ವರ್ಷ ಬೆರಳ ತುದಿಗೆ ಬಗ್ಗುತ್ತಿದ್ದ ಲಿವರ್ ಈಗ ಅಂಗೈಯ ಬಲ ಕೇಳುತ್ತದೆ. ಆಗ ನಾವೆಲ್ಲ ಮಾಡುವ ಮೊದಲ ಕೆಲಸ ಇನ್ನೂ ಜೋರಾಗಿ ನೂಕುವುದು.

ಆ ಜೋರು ಬೇಡ ಎಂದು ಹೇಳುವುದಕ್ಕಾಗಿಯೇ ಇಂದು ಈ ಯಂತ್ರದ ವಿಷಯ ಎತ್ತಿಕೊಂಡಿದ್ದೇನೆ. ಕೈಗೆ ತಾಗುವ ಬಿಗಿ ಎಲ್ಲಿಂದಲೋ ಹೊರಟು ಕೈಯವರೆಗೆ ಬಂದ ಸುದ್ದಿ. ಅದು ಹೊರಟ ಜಾಗ ನಮ್ಮ ಕೈಯಿಂದ ಬಹಳ ದೂರದಲ್ಲಿ, ಅನೇಕ ಸಲ ನೀರಿನ ಕೆಳಗೆ ಇರುತ್ತದೆ. ಆ ಜಾಗವನ್ನು ಹುಡುಕಿ ತಲುಪಲು ಒಂದು ಶಿಸ್ತಿದೆ. ಒಳ್ಳೆಯ ಮೆಕ್ಯಾನಿಕ್‌ಗಳು ಅದನ್ನು ಪಾಲಿಸುವುದನ್ನು ನೋಡಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ನಾನು ಹೇಳುತ್ತಿರುವುದು ಸ್ಟರ್ನ್‌ಡ್ರೈವ್ ಇರುವ ಬೋಟುಗಳ ಬಗ್ಗೆ. ಸ್ಟರ್ನ್‌ಡ್ರೈವ್ ಎಂದರೆ ಅರ್ಧ ಒಳಗೆ, ಅರ್ಧ ಹೊರಗೆ ಇರುವ ವ್ಯವಸ್ಥೆ. ಕಾರಿನ ಎಂಜಿನ್ನನ್ನೇ ಹೋಲುವ ಎಂಜಿನ್ ಬೋಟಿನ ಒಳಗೆ, ಹಿಂಗೋಡೆಗೆ ಆತು ಕೂತಿರುತ್ತದೆ. ಅದರ ಶಾಫ್ಟ್ ಗೋಡೆಯ ತೂತಿನ ಮೂಲಕ ಹೊರಬಂದು, ಯೂನಿವರ್ಸಲ್ ಜಾಯಿಂಟ್ ದಾಟಿ, ಹೊರಗೆ ತೂಗುವ ಡ್ರೈವ್ ಎಂಬ ಭಾಗವನ್ನು ಸೇರುತ್ತದೆ. ಅಲ್ಲಿ ಶಕ್ತಿ ಒಮ್ಮೆ ಕೆಳಕ್ಕೆ ತಿರುಗುತ್ತದೆ, ನೀರಿನೊಳಗೆ ಇನ್ನೊಮ್ಮೆ ಹಿಂದಕ್ಕೆ ತಿರುಗಿ ಪ್ರೊಪೆಲರ್ ಮುಟ್ಟುತ್ತದೆ. ಡ್ರೈವ್ ಇಡಿಯಾಗಿ ಎಡಬಲಕ್ಕೆ ಹೊರಳಬಲ್ಲದು, ಮೇಲಕ್ಕೂ ಏಳಬಲ್ಲದು. ಚುಕ್ಕಾಣಿಯ ಕೆಲಸವನ್ನೂ ಅದೇ ಮಾಡುತ್ತದೆ.

ಸ್ವೀಡನ್ನಿನ ವೋಲ್ವೊ ಪೆಂಟಾ ಇದನ್ನು ಆಕ್ವಾಮ್ಯಾಟಿಕ್ ಎಂಬ ಹೆಸರಲ್ಲಿ 1959ರಲ್ಲಿ ನ್ಯೂಯಾರ್ಕಿನ ಬೋಟ್ ಪ್ರದರ್ಶನದಲ್ಲಿ ಜಗತ್ತಿಗೆ ತೋರಿಸಿತು. ಅದರ ಹಿಂದೆ ಇದ್ದವರು ಅಮೆರಿಕದ ಎಂಜಿನಿಯರ್ ಜಿಮ್ ವಿನ್. ಮೊದಲು ಅವರು ಕಾರ್ಲ್ ಕೀಕ್‌ಹೇಫರ್ ಕಟ್ಟಿದ ಮರ್ಕ್ಯುರಿ ಕಂಪನಿಯಲ್ಲಿದ್ದವರು. ಎರಡೇ ವರ್ಷದಲ್ಲಿ, 1961ರಲ್ಲಿ, ಮರ್ಕ್ಯುರಿಯೂ ಮರ್‌ಕ್ರೂಸರ್ ಹೆಸರಿನಲ್ಲಿ ತನ್ನ ಡ್ರೈವ್ ತಂದಿತು. ಅಮೆರಿಕದ ಸರೋವರಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಸ್ಟರ್ನ್‌ಡ್ರೈವ್ ಬೋಟುಗಳಲ್ಲಿ ಬಹುಪಾಲು ಈ ಎರಡು ಮನೆತನಗಳವು. ನಮ್ಮ ಮಲ್ಪೆ, ಮಂಗಳೂರಿನ ಮೀನುಗಾರಿಕೆ ಬೋಟುಗಳ ವ್ಯವಸ್ಥೆಯೇ ಬೇರೆ. ಅಲ್ಲಿ ಗೇರ್‌ಬಾಕ್ಸ್ ಎಂಜಿನ್ನಿನ ಬೆನ್ನಿಗೇ ಅಂಟಿಕೊಂಡು ಒಳಗಿರುತ್ತದೆ, ಕೈ ಚಾಚಿದರೆ ಸಿಗುತ್ತದೆ. ಸ್ಟರ್ನ್‌ಡ್ರೈವಿನಲ್ಲಿ ಗೇರು ಬೋಟಿನ ಹೊರಗಿದೆ. ಬಿಗಿಯ ಕಥೆ ಶುರುವಾಗುವುದೇ ಆ ದೂರದಿಂದ.

ಬಹಳ ಹೆಚ್ಚು ಬಳಕೆಯಲ್ಲಿರುವ ಮರ್‌ಕ್ರೂಸರ್ ಆಲ್ಫಾ ಒನ್ ಡ್ರೈವನ್ನೇ ತೆಗೆದುಕೊಳ್ಳೋಣ. ಚಾಲಕನ ಲಿವರಿನಿಂದ ಒಂದು ಕೇಬಲ್ ಬೋಟಿನ ಪಕ್ಕೆಗುಂಟ ಹಿಂದಕ್ಕೆ ಓಡಿ ಎಂಜಿನ್ನಿನ ಮೇಲಿರುವ ಒಂದು ಶಿಫ್ಟ್ ಪ್ಲೇಟಿಗೆ ಸೇರುತ್ತದೆ. ಆ ಪ್ಲೇಟಿನಿಂದ ಎರಡನೆಯ ಕೇಬಲ್ ಹೊರಡುತ್ತದೆ. ಇದಕ್ಕೆ ಕೆಳ ಕೇಬಲ್ ಎನ್ನುತ್ತಾರೆ. ಅದು ಎಂಜಿನ್ನಿನ ಪಕ್ಕದಲ್ಲಿ ಇಳಿದು, ಹಿಂಗೋಡೆ ದಾಟಿ, ಬೆಲ್ಲೋಸ್ ಎಂಬ ಮಡಿಕೆಮಡಿಕೆಯ ರಬ್ಬರ್ ಕೊಳವೆಯ ಒಳಗಿಂದ ಹಾದು, ಡ್ರೈವ್ ಕೂರುವ ಬೆಲ್ ಹೌಸಿಂಗಿನಲ್ಲಿರುವ ಒಂದು ಪುಟ್ಟ ತೋಳನ್ನು ಹಿಡಿದುಕೊಳ್ಳುತ್ತದೆ. ಆ ತೋಳು ತಿರುಗಿದರೆ ಡ್ರೈವಿನೊಳಗಿನ ನೆಟ್ಟಗಿನ ಶಿಫ್ಟ್ ಶಾಫ್ಟ್ ತಿರುಗುತ್ತದೆ. ಅದು ಪ್ರೊಪೆಲರ್ ಇರುವ ಕೆಳಗಿನ ಗೇರ್‌ಕೇಸಿನವರೆಗೂ ಇಳಿದು ಗೇರನ್ನು ಹಾಕುತ್ತದೆ ಅಥವಾ ಬಿಡಿಸುತ್ತದೆ. ನಮ್ಮ ಹಳೆಯ ಆಟೋರಿಕ್ಷಾದ ಎಡಗೈ ಹಿಡಿಯಿಂದ ಹಿಂದಿನ ಗೇರ್‌ಬಾಕ್ಸಿನವರೆಗೆ ಹೋಗುವ ವೈರುಗಳನ್ನು ಕಂಡವರಿಗೆ ಇದರ ತತ್ತ್ವ ಹೊಸದೇನಲ್ಲ. ಹೊರಗೊಂದು ಕವಚ, ಒಳಗೊಂದು ಜಾರುವ ತಂತಿ. ಕವಚದೊಳಗೆ ನೀರು ಇಳಿದ ದಿನದಿಂದ ಆ ಜಾರಿಕೆ ಸಾಯತೊಡಗುತ್ತದೆ. ಆಟೋದಲ್ಲಿ ಅದು ಮಳೆಯ ನೀರು. ಇಲ್ಲಿ ಕೇಬಲ್ಲಿನ ಹೊರತುದಿ ನೀರಿನ ಮಟ್ಟದಲ್ಲೇ ಬದುಕುತ್ತದೆ.

ಕೆಳಗಿನ ಗೇರ್‌ಕೇಸಿನಲ್ಲಿ ನಡೆಯುವುದೇನು ಎಂಬುದನ್ನು ತುಸು ನಿಧಾನವಾಗಿ ನೋಡಬೇಕು, ಏಕೆಂದರೆ ಬಿಗಿಯ ಎರಡನೆಯ ಮುಖ ಅಲ್ಲಿದೆ. ಮೇಲಿನಿಂದ ಇಳಿದು ಬರುವ ಶಾಫ್ಟಿನ ತುದಿಯ ಸಣ್ಣ ಗೇರು ಎರಡು ದೊಡ್ಡ ಗೇರುಗಳನ್ನು ಸದಾ ಹಲ್ಲಿಗೆ ಹಲ್ಲು ಕೊಟ್ಟು ತಿರುಗಿಸುತ್ತಿರುತ್ತದೆ. ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಎರಡೂ ಪ್ರೊಪೆಲರ್ ಶಾಫ್ಟಿನ ಸುತ್ತ ಸುಮ್ಮನೆ ಸುತ್ತುತ್ತಿರುತ್ತವೆ. ಅವುಗಳ ನಡುವೆ, ಶಾಫ್ಟಿನ ಜೊತೆಗೇ ತಿರುಗುವ, ಆದರೆ ಅದರ ಮೇಲೆ ಅತ್ತಿತ್ತ ಜಾರಬಲ್ಲ ಒಂದು ಉಕ್ಕಿನ ತುಂಡಿದೆ. ಅದರ ಎರಡೂ ಮುಖಗಳಲ್ಲಿ ದಪ್ಪ ಹಲ್ಲುಗಳು. ಇದೇ ಡಾಗ್ ಕ್ಲಚ್. ಲಿವರ್ ನೂಕಿದರೆ ಅದು ಒಂದು ಗೇರಿನತ್ತ ಸರಿದು ಹಲ್ಲು ಕಚ್ಚುತ್ತದೆ. ಕಾರಿನ ಕ್ಲಚ್ಚಿನಂತೆ ಮೆಲ್ಲನೆ ಹಿಡಿಯುವ ಗುಣ ಇದಕ್ಕಿಲ್ಲ. ಕಚ್ಚಿದರೆ ಪೂರ್ತಿ, ಬಿಟ್ಟರೆ ಪೂರ್ತಿ.

ಕಚ್ಚುವುದು ಸುಲಭ. ಬಿಡಿಸುವುದು ಕಷ್ಟ. ಎಂಜಿನ್ ಒಂದು ಕಡೆಯಿಂದ ನೂಕುತ್ತಿದೆ, ನೀರು ಇನ್ನೊಂದು ಕಡೆಯಿಂದ ತಡೆಯುತ್ತಿದೆ. ಆ ಎರಡು ಬಲಗಳ ನಡುವೆ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಆ ಒತ್ತಡ ಇರುವ ತನಕ ಲಿವರ್ ಎಷ್ಟು ಎಳೆದರೂ ಡಾಗ್ ಕ್ಲಚ್ ಜಾರಲು ಒಪ್ಪುವುದಿಲ್ಲ. ಇದಕ್ಕೆ ಮರ್‌ಕ್ರೂಸರ್ ಎಂಜಿನಿಯರುಗಳು ಕಂಡುಕೊಂಡ ಉಪಾಯ ನನಗೆ ಅಚ್ಚುಮೆಚ್ಚು. ಎಂಜಿನ್ನಿನ ಮೇಲಿನ ಶಿಫ್ಟ್ ಪ್ಲೇಟಿನಲ್ಲಿ ವಿ ಆಕಾರದ ಕಚ್ಚು ಇರುವ ಒಂದು ತೋಳಿದೆ. ಆ ಕಚ್ಚಿನಲ್ಲಿ ಒಂದು ಪುಟ್ಟ ಸ್ವಿಚ್ಚಿನ ಉರುಳೆ ಕೂತಿರುತ್ತದೆ. ಕೇಬಲ್ಲಿನ ಮೇಲೆ ಭಾರ ಹೆಚ್ಚಿದಾಗ ತೋಳು ಓರೆಯಾಗುತ್ತದೆ, ಉರುಳೆ ಕಚ್ಚಿನಿಂದ ಮೇಲೇರುತ್ತದೆ, ಸ್ವಿಚ್ಚು ಎಂಜಿನ್ನಿನ ಕಿಡಿಯನ್ನು ಒಂದರೆಕ್ಷಣ ತಡೆಯುತ್ತದೆ. ಎಂಜಿನ್ ಒಂದೆರಡು ಬಡಿತ ತಪ್ಪಿಸುತ್ತದೆ. ಆ ಸಣ್ಣ ಬಿಡುವಿನಲ್ಲಿ ಹಲ್ಲುಗಳ ಮೇಲಿನ ಒತ್ತಡ ಇಳಿದು ಡಾಗ್ ಕ್ಲಚ್ ಜಾರಿ ನ್ಯೂಟ್ರಲ್‌ಗೆ ಬರುತ್ತದೆ. ತಕ್ಷಣ ಭಾರ ಇಳಿದು ಉರುಳೆ ಮತ್ತೆ ಕಚ್ಚಿಗೆ ಬೀಳುತ್ತದೆ, ಎಂಜಿನ್ ಎಂದಿನಂತೆ ಓಡುತ್ತದೆ. ಬಲವನ್ನು ಬಲದಿಂದ ಗೆಲ್ಲುವ ಬದಲು, ಅದು ಉಸಿರು ಬಿಡುವ ಗಳಿಗೆಯೊಂದನ್ನು ಯಂತ್ರದೊಳಗೇ ಹೆಣೆದಿಟ್ಟಿದ್ದಾರೆ.

ಈಗ ಕೆಳ ಕೇಬಲ್ ಬಿಗಿಯಾಗಿದೆ ಎಂದುಕೊಳ್ಳಿ. ತಂತಿ ಕವಚದೊಳಗೆ ಉಜ್ಜುತ್ತಿದೆ. ಸ್ವಿಚ್ಚಿಗೆ ಕಾಣುವುದು ಭಾರ ಮಾತ್ರ. ಆ ಭಾರ ಹಲ್ಲುಗಳ ಒತ್ತಡದಿಂದ ಬಂದಿತೇ, ತುಕ್ಕಿನಿಂದ ಬಂದಿತೇ ಎಂದು ಅದು ಬೇರೆ ಮಾಡಲಾರದು. ತೋಳು ಓರೆಯಾಗಿಯೇ ನಿಲ್ಲುತ್ತದೆ, ಕಿಡಿ ಬಾರದೆ ಎಂಜಿನ್ ಆರಿಹೋಗುತ್ತದೆ. ಅದೂ ಯಾವಾಗ? ಜೆಟ್ಟಿಯ ಹತ್ತಿರ, ನ್ಯೂಟ್ರಲ್‌ಗೆ ಎಳೆದು ರಿವರ್ಸ್ ಹಾಕಿ ಬೋಟನ್ನು ನಿಲ್ಲಿಸಬೇಕಾದ ಆ ಕೆಲವೇ ಸೆಕೆಂಡುಗಳಲ್ಲಿ. ಬೋಟಿಗೆ ಬ್ರೇಕ್ ಇಲ್ಲ. ರಿವರ್ಸ್ ಗೇರೇ ಅದರ ಬ್ರೇಕು. ಅದು ಇಲ್ಲದ ಒಂದು ಟನ್ನಿಗೂ ಮಿಕ್ಕ ಬೋಟು ನಿಧಾನವಾಗಿ ಹೋದರೂ ಜೆಟ್ಟಿಯ ಮೇಲೆ ಕೂತ ಮಗುವಿನ ಕಾಲಿಗೆ ಅಪಾಯವೇ.

ಮಿನ್ನಿಯಾಪೊಲಿಸ್ ಬಳಿ ನೆಲೆಸಿರುವ ನನ್ನ ತಂಗಿಯ ಮಗ ಹಳೆಯ ಬೋಟೊಂದನ್ನು ಕೊಂಡಿದ್ದಾನೆ. ಅವನು ಫೋನಿನಲ್ಲಿ ಹೇಳಿದ್ದು ಇದೇ ಲಕ್ಷಣ. ಲಿವರ್ ಬಿಗಿ, ಜೆಟ್ಟಿಗೆ ಬರುವಾಗ ಎಂಜಿನ್ ಆರುತ್ತದೆ. ಯಾರೋ ಅವನಿಗೆ ಆ ಸ್ವಿಚ್ಚಿನ ತಂತಿಯನ್ನೇ ಕಿತ್ತುಹಾಕು, ಎಂಜಿನ್ ಆರುವುದು ನಿಲ್ಲುತ್ತದೆ ಎಂದಿದ್ದರಂತೆ. ನಿಲ್ಲುತ್ತದೆ, ನಿಜ. ಆದರೆ ಕೇಬಲ್ ಬಿಗಿಯಾಗಿಯೇ ಉಳಿಯುತ್ತದೆ, ದಿನದಿನಕ್ಕೆ ಇನ್ನೂ ಬಿಗಿಯುತ್ತದೆ. ಇತ್ತ ಬಿಡುವು ಸಿಗದೆ ಡಾಗ್ ಕ್ಲಚ್ಚಿನ ಹಲ್ಲುಗಳ ಅಂಚು ಸವೆದು ದುಂಡಗಾಗುತ್ತದೆ, ಮುಂದೊಂದು ದಿನ ಗೇರು ತಾನಾಗಿಯೇ ಜಾರಿ ಹೊರಬರುತ್ತದೆ. ಕೇಬಲ್ಲಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಕೆಳ ಗೇರ್‌ಕೇಸಿನ ಖರ್ಚಿಗೆ ಹೋಗಿ ನಿಲ್ಲುತ್ತದೆ. ತೊಂದರೆ ತಿಳಿಸಲು ಬಂದವನ ಬಾಯಿ ಮುಚ್ಚುವ ಈ ಅಭ್ಯಾಸ ಬೋಟಿಗಷ್ಟೇ ಸೀಮಿತವಲ್ಲ. ಜ್ವರದ ಮಾತ್ರೆ ನುಂಗಿ ಕೆಲಸಕ್ಕೆ ಹೊರಡುವ ನಾವೆಲ್ಲರೂ ಅದನ್ನು ಬಲ್ಲೆವು. ತಂತಿಯನ್ನು ಮುಟ್ಟಬೇಡ, ಕೇಬಲ್ಲನ್ನು ನಡುವೆ ಬಿಡಿಸು ಎಂದು ಅವನಿಗೆ ಹೇಳಿದೆ.

ಆ ಶಿಸ್ತಿನ ಮೊದಲ ಹೆಜ್ಜೆಯೇ ನಡುವೆ ಬಿಡಿಸುವುದು. ಎಂಜಿನ್ ಆರಿಸಿ, ಕೀಲಿಕೈ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಪ್ರೊಪೆಲರ್ ಬಳಿ ಯಾರಾದರೂ ಕೈ ಇಡುವಾಗ ಕೀಲಿಕೈ ಗೂಡಿನಲ್ಲಿ ಇರಬಾರದು. ಎಂಜಿನ್ನಿನ ಮೇಲಿನ ಶಿಫ್ಟ್ ಪ್ಲೇಟಿನಲ್ಲಿ ಲಿವರಿನಿಂದ ಬಂದ ಕೇಬಲ್ಲಿನ ತುದಿಯನ್ನು ಬಿಚ್ಚಬೇಕು. ಈಗ ಒಂದು ದೊಡ್ಡ ಅನುಮಾನ ಎರಡು ಚಿಕ್ಕ ಪ್ರಶ್ನೆಗಳಾಯಿತು. ಚಾಲಕನ ಸೀಟಿಗೆ ಬಂದು ಲಿವರ್ ಆಡಿಸಿ. ಈಗಲೂ ಬಿಗಿಯೇ? ಹಾಗಾದರೆ ದೋಷ ಈ ಕಡೆಯದು. ಲಿವರ್ ಪೆಟ್ಟಿಗೆಯೊಳಗೆ ಗ್ರೀಸ್ ಒಣಗಿರಬಹುದು, ಕೇಬಲ್ ಯಾವುದೋ ಮೂಲೆಯಲ್ಲಿ ಕಿರಿದಾಗಿ ಬಾಗಿರಬಹುದು. ಸ್ಪೀಕರೋ ಲೈಫ್ ಜಾಕೆಟ್ ಗೂಡೋ ಜೋಡಿಸುವಾಗ ಯಾರೋ ಅದನ್ನು ಬದಿಗೆ ಒತ್ತಿ ಕಟ್ಟಿರಬಹುದು. ಬಾಗು ಹೆಚ್ಚಿದಷ್ಟೂ ಒಳತಂತಿಯ ಉಜ್ಜು ಹೆಚ್ಚು.

ಲಿವರ್ ಸಲೀಸಾಗಿ ಆಡಿದರೆ ಆ ಅರ್ಧ ನಿರಪರಾಧಿ. ಇನ್ನು ಕೆಳ ಕೇಬಲ್ಲನ್ನು ಪ್ಲೇಟಿನ ಬಳಿಯೇ ಕೈಯಿಂದ ಹಿಡಿದು ಅತ್ತಿತ್ತ ನೂಕಿ ನೋಡಬೇಕು. ಇಲ್ಲೊಂದು ಎಚ್ಚರಿಕೆ ಬೇಕು. ಎಂಜಿನ್ ನಿಂತಿರುವಾಗ ಡಾಗ್ ಕ್ಲಚ್ಚಿನ ಹಲ್ಲಿಗೆ ಹಲ್ಲು ಅಡ್ಡ ಬಂದಿರಬಹುದು, ಆಗ ಒಳ್ಳೆಯ ಕೇಬಲ್ಲೂ ಮುಂದೆ ಹೋಗುವುದಿಲ್ಲ. ಆದ್ದರಿಂದ ಇನ್ನೊಬ್ಬರು ಪ್ರೊಪೆಲರನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತಿರಬೇಕು. ಹಲ್ಲು ಸಂದಿಗೆ ಸಿಕ್ಕ ಕೂಡಲೇ ಗೇರು ಟಕ್ ಎಂದು ಕೂರುತ್ತದೆ. ಇದನ್ನು ತಿಳಿಯದೆ ದಡದ ಮೇಲೆ ನಿಂತ ಬೋಟಿನಲ್ಲಿ ಲಿವರನ್ನು ಬಲವಂತವಾಗಿ ನೂಕಿ ಚೆನ್ನಾಗಿದ್ದ ಕೇಬಲ್ಲನ್ನು ಬಗ್ಗಿಸಿದವರು ಕಡಿಮೆಯೇನಿಲ್ಲ.

ಪ್ರೊಪೆಲರ್ ತಿರುಗಿಸಿದರೂ ಬಿಗಿ ಹೋಗದಿದ್ದರೆ ಡ್ರೈವನ್ನು ಬಿಚ್ಚಿ ಕೆಳಗಿಳಿಸಬೇಕಾಗುತ್ತದೆ. ಆಲ್ಫಾ ಡ್ರೈವನ್ನು ಬಿಚ್ಚುವ ಮೊದಲು ಗೇರು ಮುಂದಕ್ಕೆ ಇರಬೇಕು, ಮತ್ತೆ ಸೇರಿಸುವಾಗಲೂ ಹಾಗೆಯೇ. ಇಲ್ಲದಿದ್ದರೆ ಶಿಫ್ಟ್ ಶಾಫ್ಟಿನ ಜೋಡಣೆ ಕೂಡಿಬರುವುದಿಲ್ಲ. ಡ್ರೈವ್ ಇಳಿದ ಮೇಲೆ ಕೆಳ ಕೇಬಲ್ಲಿಗೆ ಹೊರುವ ಭಾರವೇ ಇಲ್ಲ. ಆಗಲೂ ಅದು ಬಿಗಿಯಾಗಿ ಓಡಿದರೆ ಅಪರಾಧಿ ಸಿಕ್ಕ ಹಾಗೆ. ನೀರು ನುಗ್ಗಿ ಒಳತಂತಿ ತುಕ್ಕು ಹಿಡಿದಿರುತ್ತದೆ ಅಥವಾ ಬೆಲ್ ಹೌಸಿಂಗಿನ ಕಡೆಯ ತುದಿಯಲ್ಲಿ ತಂತಿಯ ಎಳೆಗಳು ಬಿಚ್ಚಿ ಕವಚಕ್ಕೆ ಸಿಕ್ಕಿಕೊಂಡಿರುತ್ತವೆ. ಕೆಲವು ಸಲ ಕೇಬಲ್ ಸರಿಯಿದ್ದು, ಅದು ತಿರುಗಿಸುವ ತೋಳಿನ ಬುಷ್ ಮಾತ್ರ ತುಕ್ಕಿನಿಂದ ಕಚ್ಚಿಕೊಂಡಿರುವುದೂ ಉಂಟು. ಕೇಬಲ್ಲನ್ನು ತೋಳಿನಿಂದ ಬಿಡಿಸಿ ತೋಳನ್ನೇ ಬೆರಳಿನಿಂದ ಆಡಿಸಿದರೆ ಅದೂ ತಿಳಿಯುತ್ತದೆ. ಕೇಬಲ್ಲೂ ತೋಳೂ ಎರಡೂ ಸಲೀಸಾಗಿದ್ದರೆ ಮಾತ್ರ ಸಂಶಯದ ಕಣ್ಣು ಡ್ರೈವಿನ ಕಡೆ ತಿರುಗಬೇಕು. ಬಿಚ್ಚಿಟ್ಟ ಡ್ರೈವಿನ ಶಿಫ್ಟ್ ಶಾಫ್ಟನ್ನು ಪ್ರೊಪೆಲರ್ ಸುತ್ತಿಸುತ್ತ ತಿರುಗಿಸಿ ನೋಡಬೇಕು. ಗೇರ್ ಎಣ್ಣೆ ಇಳಿಸಿ ನೋಡಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ, ಅದರಲ್ಲಿ ಉಕ್ಕಿನ ಚೂರುಗಳಿದ್ದರೆ ಹಲ್ಲುಗಳಿಗೆ ಪೆಟ್ಟು ಬಿದ್ದಿದೆ.

ಈ ಎಲ್ಲ ಬಿಚ್ಚಾಟಕ್ಕೆ ಮೊದಲು ಕೈಯೊಂದೇ ಕೊಡಬಲ್ಲ ಸುಳಿವೊಂದಿದೆ. ಎಂಜಿನ್ ನಿಂತಾಗಲೂ ಓಡುವಾಗಲೂ, ಗೇರಿಗೆ ಹಾಕುವಾಗಲೂ ತೆಗೆಯುವಾಗಲೂ ಒಂದೇ ಸಮ ಬಿಗಿಯಿದ್ದರೆ ಅದು ಬಹುತೇಕ ಕೇಬಲ್ಲಿನ ಉಜ್ಜು. ಎಂಜಿನ್ ಓಡುತ್ತಿರುವಾಗ, ಗೇರಿನಿಂದ ನ್ಯೂಟ್ರಲ್‌ಗೆ ತೆಗೆಯುವಾಗ ಮಾತ್ರ ಬಿಗಿಯಾದರೆ ಆ ಸ್ವಿಚ್ಚು ತನ್ನ ಕೆಲಸ ಮಾಡುತ್ತಿಲ್ಲ, ಅಥವಾ ಕೇಬಲ್ಲಿನ ಅಳತೆ ತಪ್ಪಿದೆ, ಅಥವಾ ಎಂಜಿನ್ನಿನ ಐಡಲ್ ವೇಗ ಹೆಚ್ಚಾಗಿದೆ. ನಿಮಿಷಕ್ಕೆ 600ರಿಂದ 700 ಸುತ್ತಿನ ಆಸುಪಾಸಿನಲ್ಲಿ ಇರಬೇಕಾದ ಎಂಜಿನ್ ಸಾವಿರ ಸುತ್ತುತ್ತಿದ್ದರೆ ಹಲ್ಲುಗಳ ಮೇಲಿನ ಒತ್ತಡವೂ ಅಷ್ಟೇ ಏರಿರುತ್ತದೆ. ಅನುಭವಿ ಕೈ ಈ ವ್ಯತ್ಯಾಸವನ್ನು ಸ್ಪ್ಯಾನರ್ ಹಿಡಿಯುವ ಮೊದಲೇ ಓದಿಬಿಡುತ್ತದೆ. ಅಂಥ ಕೈಗಳಿಗೆ ನಮ್ಮ ಸಮಾಜ ಕೊಡುವ ಬೆಲೆ ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲ ಸ್ಟರ್ನ್‌ಡ್ರೈವುಗಳೂ ಒಂದೇ ರೀತಿ ಇಲ್ಲ. ವೋಲ್ವೊ ಪೆಂಟಾ ಡ್ರೈವುಗಳಲ್ಲಿ, ಮರ್‌ಕ್ರೂಸರಿನದೇ ಬ್ರಾವೊದಲ್ಲಿ, ಗೇರು ಬದಲಾಗುವುದು ಮೇಲಿನ ಗೇರ್‌ಕೇಸಿನಲ್ಲಿ. ಅಲ್ಲಿ ಹಲ್ಲಿನ ಬದಲು ಶಂಕುವಿನ ಆಕಾರದ ಕ್ಲಚ್ ಉಜ್ಜಿ ಹಿಡಿಯುತ್ತದೆ. ಕೇಬಲ್ಲಿನಿಂದ ಗೇರು ಹಾಕುವ ಅಂಥ ಡ್ರೈವುಗಳಲ್ಲೂ ಕೇಬಲ್ ಹಿಂಗೋಡೆ ದಾಟಲೇಬೇಕು, ಆ ಕೇಬಲ್ಲುಗಳೂ ಬಿಗಿಯುತ್ತವೆ. ನಡುವೆ ಬಿಡಿಸಿ ಎರಡೂ ಕಡೆ ವಿಚಾರಿಸುವ ಕ್ರಮ ಅಲ್ಲಿಯೂ ಇದೇ.

ಕೆಳ ಕೇಬಲ್ಲೇ ದೋಷಿ ಎಂದು ಗೊತ್ತಾದ ಮೇಲೆ ಅದಕ್ಕೆ ಎಣ್ಣೆ ಬಿಟ್ಟು ಇನ್ನೊಂದು ಬೇಸಿಗೆ ತಳ್ಳೋಣ ಎಂಬ ಆಸೆ ಹುಟ್ಟುತ್ತದೆ. ಅದು ಬೇಡವೇ ಬೇಡ. ಎಣ್ಣೆ ಬಿದ್ದ ವಾರ ಲಿವರ್ ಹಗುರಾದಂತೆ ಅನ್ನಿಸಬಹುದು, ಆದರೆ ತುಕ್ಕು ಹಿಡಿದು ಎಳೆ ಬಿಚ್ಚಿಕೊಂಡ ತಂತಿ ಎಣ್ಣೆಯಿಂದ ಮತ್ತೆ ಕೂಡಿಕೊಳ್ಳುವುದಿಲ್ಲ. ಇನ್ನೂ ಮುಖ್ಯವಾದದ್ದು ನೀರು. ಆ ಕೇಬಲ್ಲಿನೊಳಗೆ ಅದು ಬಂದ ದಾರಿ ಯಾವುದು? ಕೇಬಲ್ ಹಿಂಗೋಡೆ ದಾಟುವಲ್ಲಿರುವ ರಬ್ಬರ್ ಬೆಲ್ಲೋಸ್ ಹರಿದಿದ್ದರೆ ಅಥವಾ ಕವಚ ಸೀಳಿದ್ದರೆ, ಅದೇ ದಾರಿಯಿಂದ ಸರೋವರ ಬೋಟಿನೊಳಕ್ಕೂ ಬರಬಲ್ಲದು. ಜೆಟ್ಟಿಗೆ ಕಟ್ಟಿಟ್ಟ ಬೋಟು ಯಾರೂ ಇಲ್ಲದ ಹೊತ್ತಿನಲ್ಲಿ ಹನಿಹನಿಯಾಗಿ ತುಂಬಿ ಮುಳುಗುವುದು ಹೀಗೆಯೇ. ಬೋಟಿನ ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಬ್ಯಾಟರಿ ತೀರುವ ತನಕ ಯಾರಿಗೂ ಅದರ ಸುಳಿವು ಸಿಗುವುದಿಲ್ಲ. ಬಿಗಿಯಾದ ಲಿವರನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು ಇದಕ್ಕೇ. ಡ್ರೈವ್ ಹೇಗೂ ಕೆಳಗಿಳಿದಿರುವಾಗ ಕೇಬಲ್ಲಿನ ಜೊತೆ ಅದರ ಬೆಲ್ಲೋಸನ್ನೂ ಹೊಸದು ಹಾಕಬೇಕು, ಯೂನಿವರ್ಸಲ್ ಜಾಯಿಂಟಿನ ದೊಡ್ಡ ಬೆಲ್ಲೋಸಿನ ಮಡಿಕೆಗಳನ್ನು ಬಿಡಿಸಿ ಬಿರುಕು ಹುಡುಕಬೇಕು, ಅದರ ಶಾಫ್ಟನ್ನು ಹೊರುವ ಗಿಂಬಲ್ ಬೇರಿಂಗನ್ನು ಸುತ್ತಿಸಿ ಸದ್ದು ಕೇಳಬೇಕು. ಡ್ರೈವ್ ಬಿಚ್ಚುವ ಶ್ರಮವೇ ದೊಡ್ಡದು. ಆ ಶ್ರಮದಲ್ಲಿ ಒಂದೇ ಕೆಲಸ ಮುಗಿಸಿ ಮುಚ್ಚುವುದು ಸರಿಯಲ್ಲ.

ಹೊಸ ಕೇಬಲ್ ಹಾಯಿಸುವಾಗ ಅದು ಎಂಜಿನ್ನಿನ ಬಿಸಿ ಎಕ್ಸಾಸ್ಟಿಗೆ ತಾಗದಂತೆ, ಯಾವುದರ ಕೆಳಗೂ ಅಪ್ಪಚ್ಚಿಯಾಗದಂತೆ, ಅಗಲವಾದ ಬಾಗಿನಲ್ಲಿ ಇಳಿಯಬೇಕು. ಅಳತೆಯನ್ನು ಆ ಮಾದರಿಯ ಕೈಪಿಡಿ ಹೇಳಿದಂತೆಯೇ ಇಡಬೇಕು, ಅಂದಾಜು ಸಲ್ಲದು. ಅಳತೆ ಸ್ವಲ್ಪ ತಪ್ಪಿದರೂ ಡಾಗ್ ಕ್ಲಚ್ ಅರ್ಧ ಮಾತ್ರ ಕಚ್ಚಿ, ಹಲ್ಲಿನ ತುದಿಗಳಷ್ಟೇ ಭಾರ ಹೊರುವಂತಾಗುತ್ತದೆ. ದಡದ ಮೇಲೆ ಪರೀಕ್ಷೆಗೆ ಎಂಜಿನ್ ಓಡಿಸುವುದಾದರೆ ಡ್ರೈವಿಗೆ ನೀರಿನ ಪೈಪು ಜೋಡಿಸದೆ ಓಡಿಸಬಾರದು. ಆಲ್ಫಾದಲ್ಲಿ ನೀರೆತ್ತುವ ಪಂಪು ಡ್ರೈವಿನೊಳಗೇ ಇದೆ, ಅದರ ರಬ್ಬರ್ ಚಕ್ರ ನೀರಿಲ್ಲದೆ ಓಡಿದರೆ ಬೇಗ ಸುಟ್ಟುಹೋಗುತ್ತದೆ. ಪೆಟ್ರೋಲ್ ಎಂಜಿನ್ ಆದರೆ ಚಾಲೂ ಮಾಡುವ ಮೊದಲು ಎಂಜಿನ್ ಗೂಡಿನ ಬ್ಲೋವರ್ ಫ್ಯಾನನ್ನು 4 ನಿಮಿಷ ಓಡಿಸಿ ಪೆಟ್ರೋಲಿನ ಆವಿ ಹೊರಹಾಕುವುದನ್ನು ಯಾವ ಆತುರದಲ್ಲೂ ಮರೆಯಬಾರದು.

ಓಡಿಸುವವರ ಕೈಗೂ ಒಂದು ಪಾಠ ಉಂಟು. ಬಿಗಿ ಲಿವರಿಗೆ ಒಗ್ಗಿಹೋದ ಕೈ ಅದನ್ನು ಮೆಲ್ಲಮೆಲ್ಲನೆ ಒತ್ತುತ್ತಿರುತ್ತದೆ. ಡಾಗ್ ಕ್ಲಚ್ಚಿಗೆ ಆ ಮೆಲ್ಲಗಿನ ಒತ್ತು ಒಗ್ಗುವುದಿಲ್ಲ. ಹಲ್ಲಿನ ತುದಿಗಳು ಕರಕರ ತಿಕ್ಕಿ ಸವೆಯುತ್ತವೆ. ಎಂಜಿನ್ ಐಡಲ್‌ಗೆ ಇಳಿದ ಮೇಲೆ ಹಿಂಜರಿಯದೆ, ಒಂದೇ ಚಲನೆಯಲ್ಲಿ ಗೇರಿಗೆ ಹಾಕಬೇಕು. ಕೇಬಲ್ ಹೊಸದಾದ ಮೇಲೆ ಮೊದಲ ಪರೀಕ್ಷೆ ಜೆಟ್ಟಿಯ ಬಳಿ ಬೇಡ, ಸುತ್ತ ಯಾರೂ ಇಲ್ಲದ ವಿಶಾಲ ನೀರಿನಲ್ಲಿ ಆಗಲಿ. ಮುಂದೆ, ನ್ಯೂಟ್ರಲ್, ಹಿಂದೆ, ಮತ್ತೆ ನ್ಯೂಟ್ರಲ್ ಎಂದು ಹಲವು ಸಲ ಹಾಕಿ ತೆಗೆದು, ನ್ಯೂಟ್ರಲ್‌ಗೆ ಬರುವಾಗ ಎಂಜಿನ್ ಒಂದೆರಡು ಬಡಿತ ಮಾತ್ರ ತಪ್ಪಿಸಿ ಮತ್ತೆ ಸಮಕ್ಕೆ ಬರುತ್ತಿದೆಯೇ ಎಂದು ಕಿವಿಗೊಡಬೇಕು.

ತಂಗಿಯ ಮಗನ ಬೋಟಿನಲ್ಲಿ ದೋಷ ಸಿಕ್ಕಿದ್ದು ಕೆಳ ಕೇಬಲ್ಲಿನಲ್ಲೇ. ಹೊರಗೆಳೆದಾಗ ತುದಿಯ ಎಳೆಗಳು ಕಂದು ಬಣ್ಣಕ್ಕೆ ತಿರುಗಿ ಪೊರಕೆಯಂತೆ ಕೆದರಿದ್ದವಂತೆ. ಬೆಲ್ಲೋಸಿನಲ್ಲೂ ಸಣ್ಣ ಸೀಳಿತ್ತು. ಮಾರಿದವರನ್ನು ಆ ಕೇಬಲ್ ಯಾವ ವರ್ಷದ್ದು ಎಂದು ಅವನು ಕೇಳಿರಲಿಲ್ಲ. ಹಳೆಯ ಸ್ಟರ್ನ್‌ಡ್ರೈವ್ ಬೋಟು ಕೊಳ್ಳಲು ಹೊರಟ ಅವನ ಗೆಳೆಯರಿಗೆ ಈಗ ಅವನೇ ಹೇಳುತ್ತಾನೆ: ಎಂಜಿನ್ನಿನ ಸದ್ದು ಕೇಳಿ ಮರುಳಾಗುವ ಮೊದಲು ಲಿವರನ್ನು ಆಡಿಸಿ ನೋಡಿ, ಕೆಳ ಕೇಬಲ್ಲೂ ಬೆಲ್ಲೋಸೂ ಕೊನೆಯ ಸಲ ಬದಲಾದದ್ದು ಯಾವಾಗ ಎಂದು ಕೇಳಿ, ರಸೀದಿ ಇದ್ದರೆ ನೋಡಿ. ಗೊತ್ತಿಲ್ಲ ಎಂಬ ಉತ್ತರ ಬಂದರೆ ಆ ಎರಡರ ಖರ್ಚನ್ನು ಬೋಟಿನ ಬೆಲೆಗೆ ಸೇರಿಸಿಯೇ ಚೌಕಾಸಿಗೆ ಕೂರಿ.